ನಾಲ್ಕನೆಯ ಇಂಗಾಲ

ನಮ್ಮೂರಿನಲ್ಲಿ ಮೊದಲು ಚೀಟಿ ಅಂಟಿಸುತ್ತಾರೆ, ಆಮೇಲೆ ಬಾಟಲಿಗೆ ಸುರಿಯುತ್ತಾರೆ. ಬೇರೆ ಊರುಗಳಲ್ಲಿ ಇದು ತಿರುವುಮುರುವು ಎಂದು ಕಾಲೇಜಿಗೆ ಹೋದ ಮೇಲೆ ಗೊತ್ತಾಯಿತು. ಅಲ್ಲಿನ ಪ್ರಯೋಗಾಲಯದಲ್ಲಿ ಮೇಷ್ಟರೊಬ್ಬರು ಬಾಟಲಿ ತುಂಬಿಸಿ, ಮೂಸಿ, ಅನುಮಾನಪಟ್ಟು, ಆಮೇಲೆ ಪೆನ್ನು ಹುಡುಕುತ್ತಿದ್ದುದನ್ನು ಕಂಡು ನನಗೆ ನಗು ತಡೆಯಲಾಗಲಿಲ್ಲ. ನಮ್ಮಲ್ಲಿ ಚೀಟಿಯ ಮೇಲೆ ನಿಯಮದ ಪ್ರಕಾರ ಸರಿಯಾದ ಹೆಸರಿದ್ದರೆ, ಸುರಿದದ್ದು ಆ ಹೆಸರಿನ ವಸ್ತುವೇ ಆಗುತ್ತದೆ. ಪರಮಾಣುಗಳ ಲೆಕ್ಕ ಮಾತ್ರ ಹೊಂದಬೇಕು. ನೀರು ಸುರಿದು ತುಪ್ಪ ಎಂದು ಬರೆದರೆ ನಡೆಯುವುದಿಲ್ಲ. ಹೆಸರು ತಪ್ಪಿದರೆ ಬಾಟಲಿ ರಾಡಿಯಾಗುತ್ತದೆ. ನಿಂಬೆ ಹಿಂಡಿದ ಹಾಲಿನಂತೆ ಒಡೆದು, ಬರೆದವರು ಅಂದು ಏನು ಉಂಡಿದ್ದರೋ ಅದರ ವಾಸನೆ ಹೊಡೆಯುತ್ತದೆ.

ಚೀಟಿಯ ಶಕ್ತಿಯೆಲ್ಲ ಸುರಿಯುವ ಆ ಒಂದು ಕ್ಷಣಕ್ಕೆ. ಆಮೇಲೆ ಒಳಗಿನದನ್ನು ಕಾಪಾಡುವುದು ಬಿರಡೆಯ ಕೆಲಸ. ಮದುವೆಯೂ ಹಾಗೆಯೇ ಅಲ್ಲವೇ ಎಂದು ಕೇಳಬೇಡಿ, ಅಲ್ಲಿಗೇ ಬರುತ್ತಿದ್ದೇನೆ.

ನನ್ನ ಹೆಸರು ಮಹಾನಂದಾ. ರಸಾಯನಶಾಸ್ತ್ರದಲ್ಲಿ ಪದವಿ ಮಾಡಿ ಬಂದು ಹದಿನಾಲ್ಕು ವರ್ಷ ಊರಿನ ಹೆಸರು ಬರೆಯುವವಳಾಗಿದ್ದೇನೆ. ಸೀಮೆಎಣ್ಣೆಯ ಡಬ್ಬಿಯಿಂದ ಹಿಡಿದು ಮದುವೆಯ ಬಾಟಲಿಯವರೆಗೆ ಎಲ್ಲಕ್ಕೂ ನನ್ನದೇ ಅಕ್ಷರ. ಇಷ್ಟು ವರ್ಷಗಳಲ್ಲಿ ಒಂದೇ ಒಂದು ಬಾಟಲಿ ರಾಡಿಯಾಗಿಲ್ಲ. ಮೂವತ್ತಾರು ತುಂಬುವವರೆಗೆ ನನ್ನ ಬಗ್ಗೆ ಊರು ಹೇಳುತ್ತಿದ್ದ ಒಳ್ಳೆಯ ಮಾತು ಅದೊಂದೇ ಆಗಿತ್ತು.

ಇಲ್ಲಿ ಪ್ರತಿ ಮನೆಗೂ ಒಂದು ಮನೆತನದ ಬಾಟಲಿ ಇರುತ್ತದೆ, ಬಾಗಿಲ ಪಕ್ಕದ ಗೂಡಿನಲ್ಲಿ. ಅದಕ್ಕೆ ಹೊರಗಿನ ಹನಿ ಸೇರಿಸುವಂತಿಲ್ಲ. ಮನೆಯಲ್ಲಿ ಮದುವೆಯಾದಾಗ ಒಂದು ಚಮಚ ಹೊರಗೆ ಬರುತ್ತದೆ, ಅಷ್ಟೆ. ನಮ್ಮದು ಪ್ರೊಪನೋನ್. ಹೊರ ಊರಿನವರು ಅದನ್ನು ಅಸಿಟೋನ್ ಎಂದು ಕರೆದು ಉಗುರಿನ ಬಣ್ಣ ಒರೆಸುತ್ತಾರಂತೆ. ಈ ಸಂಗತಿಯನ್ನು ನಾನು ಅವ್ವನಿಗೆ ಹೇಳಿಲ್ಲ.

ಪ್ರೊಪನೋನ್ ಒಂದು ಕೀಟೋನು. ಹಾಗೆಂದರೇನು ಎನ್ನುವವರಿಗೆ ಊರಿನ ಹೆಂಗಸರು ಪಂಕ್ತಿಯ ಲೆಕ್ಕದಲ್ಲಿ ಹೇಳಿಕೊಡುತ್ತಾರೆ. ಇಂಗಾಲಗಳು ಊಟಕ್ಕೆ ಕುಳಿತಂತೆ ಸಾಲಾಗಿ ಕುಳಿತಿವೆ. ಅವುಗಳಲ್ಲಿ ಒಂದನ್ನು ಆಮ್ಲಜನಕ ಎರಡೂ ಕೈಯಿಂದ ಹಿಡಿದುಕೊಂಡಿದೆ. ಹಾಗೆ ಹಿಡಿಸಿಕೊಂಡ ಇಂಗಾಲ ಪಂಕ್ತಿಯ ತುದಿಯಲ್ಲಿದ್ದರೆ ಅದು ಆಲ್ಡಿಹೈಡು, ಹೆಸರಿನ ಕೊನೆಗೆ ‘ಆ್ಯಲ್’ ಬರುತ್ತದೆ. ನಡುವೆ ಇದ್ದರೆ ಕೀಟೋನು, ಕೊನೆಗೆ ‘ಓನ್’. ಆಲ್ಡಿಹೈಡಿನ ಎಣಿಕೆ ಅದರ ತುದಿಯಿಂದಲೇ ಶುರುವಾಗುವುದರಿಂದ ಅದು ಯಾವಾಗಲೂ ಒಂದನೇ ನಂಬರು. ಆ ಒಂದನ್ನು ಬರೆಯುವ ಪದ್ಧತಿಯೂ ಇಲ್ಲ. ಕೀಟೋನು ಉದ್ದನೆಯ ಪಂಕ್ತಿಯ ನಡುವೆ ಎಲ್ಲಿ ಬೇಕಾದರೂ ಕುಳಿತಿರಬಹುದು, ಹಾಗಾಗಿ ಎಲ್ಲಿ ಎಂದು ಹೇಳಲೇಬೇಕು. ಎರಡೂ ಒಂದೇ ಪಂಕ್ತಿಗೆ ಬಂದರೆ ಮರ್ಯಾದೆ ಆಲ್ಡಿಹೈಡಿಗೆ. ಕೀಟೋನು ತನ್ನ ‘ಓನ್’ ಬಿಟ್ಟುಕೊಟ್ಟು ‘ಆಕ್ಸೋ’ ಎಂಬ ಬಾಲವಿಲ್ಲದ ತುಂಡಾಗಿ ಹೆಸರಿಗೆ ಅಂಟಿಕೊಳ್ಳಬೇಕು. ಆಲ್ಕೊಹಾಲು ಕೀಟೋನಿಗಿಂತಲೂ ಕೆಳಗೆ. ಕೀಟೋನಿನ ಎದುರು ಅದು ಬರೀ ‘ಹೈಡ್ರಾಕ್ಸಿ’. ಪುಸ್ತಕದಲ್ಲಿ ಇದು ಹೆಸರಿಡುವ ಅನುಕೂಲಕ್ಕೆ ಮಾಡಿಕೊಂಡ ಕ್ರಮ. ನಮ್ಮೂರಿನಲ್ಲಿ ಇದು ಯಾರ ಮನೆಯಲ್ಲಿ ಯಾರು ಮೊದಲು ಕಾಲು ತೊಳೆಯಬೇಕು ಎಂಬ ಕ್ರಮ.

ಮದುವೆ ಎಂದರೆ ಚೀಟಿ ಅಂಟಿಸಿದ ಹೊಸ ಬಾಟಲಿಗೆ ಎರಡೂ ಕಡೆಯ ತಾಯಂದಿರು ಒಟ್ಟಿಗೆ ಒಂದೊಂದು ಚಮಚ ಸುರಿಯುವುದು. ಎರಡು ಪಂಕ್ತಿಗಳು ಕೂಡಿ ಒಂದಾಗುತ್ತವೆ. ಕೂಡುವಾಗ ಎರಡು ಜಲಜನಕಗಳು ಜಾಗ ಸಾಲದೆ ಎದ್ದು ಹೊರಡುತ್ತವೆ, ಗುಳ್ಳೆಯಾಗಿ. ಬಾಟಲಿಯ ಬಾಯಿಗೆ ಮದುಮಗಳು ಕಡ್ಡಿ ಗೀರಿ ಹಿಡಿದರೆ ‘ಫಟ್’ ಎನ್ನುತ್ತದೆ. ಅದೇ ಮುಹೂರ್ತ. ಫಟ್ ಎನ್ನದೆ ರಾಡಿಯಾದರೆ ಆ ಎರಡು ಮನೆಗಳಿಗೆ ಏಳು ವರ್ಷ ನೆಂಟಸ್ತಿಕೆ ಇಲ್ಲ. ನನಗಿಂತ ಹಿಂದೆ ಬರೆಯುತ್ತಿದ್ದವರು ಒಮ್ಮೆ, ಮೂಲಂಗಿ ಉಂಡು ಬಂದ ದಿನ, ಎಣಿಕೆ ತಪ್ಪಿದ್ದರು. ಆ ಹುಡುಗ ಹುಡುಗಿ ಏಳು ವರ್ಷ ಕಾದು ಕೊನೆಗೂ ಮದುವೆಯಾದರು, ಮೊಮ್ಮಕ್ಕಳನ್ನೂ ಕಂಡರು; ಊರು ಅವರನ್ನು ಇಂದಿಗೂ ಮೂಲಂಗಿ ಜೋಡಿ ಎಂದೇ ಕರೆಯುತ್ತದೆ.

ಕಲ್ಮೇಶ ತಕ್ಕಡಿ ರಿಪೇರಿ ಮಾಡುವವನು. ನನ್ನ ಮೇಜಿನ ಸೂಕ್ಷ್ಮ ತಕ್ಕಡಿ ಒಂದು ಕಡೆ ವಾಲುತ್ತದೆಂದು ಕರೆಸಿದ್ದೆ. ಅವನು ಅದರ ಮುಂದೆ ಮುಕ್ಕಾಲು ಗಂಟೆ ಉಸಿರು ಬಿಗಿಹಿಡಿದು ಕುಳಿತು, “ತಕ್ಕಡಿ ಸರಿ ಐತ್ರಿ. ಮೇಜು ಸೊಟ್ಟ ಐತಿ,” ಎಂದ. ಮೇಜಿನ ಕಾಲಿಗೆ ಒಂದು ಕಾಗದ ಮಡಚಿ ಇಟ್ಟ. ಮಾರನೆಯ ವಾರ ಕಾಗದ ಸರಿಯಾಗಿ ಕುಳಿತಿದೆಯೇ ನೋಡಲು ಬಂದ. ಅದರ ಮಾರನೆಯ ವಾರವೂ ಬಂದ. ಹನ್ನೊಂದನೆಯ ವಾರ ನಾನೇ ಕೇಳಿದೆ, “ಕಾಗದದ ಸಲುವಾಗಿ ಬರ್ತೀರೋ, ಬ್ಯಾರೆ ಏನರ ಐತೋ?” ಅವನು ಬಹಳ ಹೊತ್ತು ತೂಗಿ ನೋಡಿ, “ಕಾಗದದ್ದು ಕಡಿಮೀನ ಐತ್ರಿ,” ಎಂದ. ಮೂವತ್ತೊಂಬತ್ತರ ಗಂಡಸು ಹಾಗೆ ಕೆಂಪಾಗಿದ್ದನ್ನು ನಾನು ಮೊದಲು ನೋಡಿರಲಿಲ್ಲ.

ತೊಂದರೆ ಏನೆಂದರೆ ಅವರದು ಎಥನ್ಯಾಲ್. ಎರಡೇ ಇಂಗಾಲದ ಚಿಕ್ಕ ಆಲ್ಡಿಹೈಡು, ಆದರೆ ಗತ್ತು ಹನ್ನೆರಡು ಇಂಗಾಲದ್ದು. ಅದು ಇಪ್ಪತ್ತು ಡಿಗ್ರಿಗೇ ಕುದಿಯುವುದರಿಂದ ಸದಾ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಇಡಬೇಕು. ಕಲ್ಮೇಶನ ತಾಯಿ ಅಂಬಕ್ಕ ಆ ಪೆಟ್ಟಿಗೆಯನ್ನು ಹೋದಲ್ಲೆಲ್ಲ ಒಯ್ಯುತ್ತಿದ್ದರು. ಮಗನ ಮದುವೆಯ ಮಾತು ಎದ್ದ ಮೇಲೆ ಆರು ತಿಂಗಳು ಮನೆಮನೆಗೆ ಹೋಗಿ, ಬಿರಡೆ ತೆಗೆದು, “ಒಂದೀಟು ಮೂಸಿ ನೋಡ್ರಿ, ಏನ ಘಾಟು ಐತಿ ನೋಡ್ರಿ ನಮ್ಮ ಮನೆತನ,” ಎನ್ನುತ್ತಿದ್ದರು. ಜನ ದೂರದಿಂದಲೇ ಮೂಗು ಅರಳಿಸಿದಂತೆ ಮಾಡಿ ಕೈಮುಗಿಯುತ್ತಿದ್ದರು. ಘಾಟು ಮನೆತನಗಳನ್ನು ಹತ್ತಿರದಿಂದ ಮೂಸುವ ಧೈರ್ಯ ಯಾರಿಗೂ ಇಲ್ಲ.

ಕಲ್ಮೇಶನನ್ನು ಕರೆದುಕೊಂಡು ನಮ್ಮ ಮನೆಗೂ ಬಂದರು. ನನ್ನ ಅವ್ವ ಚಂಪವ್ವ ಚಹಾ ಕೊಟ್ಟಳು, ಕಪ್ಪಿಗೆ ಬಸಿ ಕೊಡಲಿಲ್ಲ. ಯುದ್ಧ ಅಲ್ಲಿಂದ ಶುರು.

“ಚೀಟಿ ಬಗ್ಗೆ ಏನ ಮಾತಾಡೂದೈತಿ,” ಎಂದರು ಅಂಬಕ್ಕ. “ಎಣಿಕಿ ನಮ್ಮ ಕಡಿಂದ. ನಮ್ಮ ಇಂಗಾಲಕ್ಕ ನಂಬರ ಸೈತ ಬರೆಯೂದಿಲ್ಲ, ಯಾಕಂದ್ರ ಎಲ್ಲಾರಿಗೂ ಗೊತ್ತಿರ್ತೈತಿ.”

“ಗೊತ್ತಿರದೇನ್ರೀ,” ಎಂದಳು ಅವ್ವ. “ಬ್ಯಾಸಗಿ ಬಂದ್ರ ಬಿರಡಿ ಕಿತ್ತಗೊಂಡು ಓಡಿಹೋಗೋ ಮನೆತನ. ಹಿಡಕೊಂಡು ಕುಂಡ್ರಾಕ ಒಂದು ಪೆಟ್ಟಿಗಿ ಬ್ಯಾರೆ.”

“ನಿಮ್ಮದೇನು ನಿಲ್ತೈತಿ? ಮುಚ್ಚಳ ತಗದು ಮಾತಾಡೂದ್ರಾಗ ಅರ್ಧ ಹಾರಿರ್ತೈತಿ.”

“ಹಾರಿದ್ರೂ ನಮ್ದು ನಮ್ದ ಆಗಿ ಹಾರ್ತೈತ್ರಿ. ಕೆಡೂದಿಲ್ಲ.”

ಕಲ್ಮೇಶ ನನ್ನ ಮೇಜಿನ ಕಾಲಿನ ಕಾಗದವನ್ನು ನೋಡುತ್ತ ಕುಳಿತಿದ್ದ.

ಅವರು ಹೋದ ಮೇಲೆ ಅವ್ವ ನೇರ ವಿಷಯಕ್ಕೆ ಬಂದಳು. ಮೂರು ಇಂಗಾಲದ ನಮ್ಮದು, ಎರಡು ಇಂಗಾಲದ ಅವರದು ಕೂಡಿದರೆ ಐದು. ಅವರ ತುದಿಯಿಂದ ಎಣಿಸಿದರೆ ನಮ್ಮ ಆಮ್ಲಜನಕ ನಾಲ್ಕನೆಯ ಇಂಗಾಲದ ಮೇಲೆ. ಹೆಸರು ನಾಲ್ಕು-ಆಕ್ಸೋ-ಪೆಂಟನ್ಯಾಲ್. ಇಷ್ಟನ್ನು ಅವ್ವ ಈರುಳ್ಳಿ ಹೆಚ್ಚುತ್ತಲೇ ಲೆಕ್ಕ ಹಾಕಿಟ್ಟಿದ್ದಳು.

“ನೀ ಐದು-ಆಕ್ಸೋ-ಪೆಂಟನ್-ಎರಡು-ಓನ್ ಅಂತ ಬರಿ.”

“ಯವ್ವಾ, ಅದು ತಪ್ಪು ಹೆಸರು.”

“ಅಣು ಅದ ಐತೋ ಇಲ್ಲೋ?”

“ಅಣು ಅದ ಐತಿ. ಹೆಸರು ತಪ್ಪು.”

“ಈ ಕಡಿಂದ ನೋಡಿದ್ರ ನಾವು ಎರಡನೇದವರು, ಆ ಕಡಿಂದ ನೋಡಿದ್ರ ನಾಲ್ಕನೇದವರು. ನೀ ಹುಟ್ಟಿದ್ದು ಈ ಕಡಿ. ಆ ಕಡಿಂದ ಯಾಕ ನೋಡ್ತಿ?”

ಇದಕ್ಕೆ ಪುಸ್ತಕದಲ್ಲಿ ಉತ್ತರವಿದೆ, ಆದರೆ ಅದು ತಾಯಿಗೆ ಹೇಳುವಂಥ ಉತ್ತರವಲ್ಲ. ಹಾಗೆ ಬರೆದರೆ ರಾಡಿಯಾಗುತ್ತದೆ, ಏಳು ವರ್ಷ ಕಳೆದರೆ ನನಗೆ ನಲವತ್ತಮೂರು, ಎಂದೆ. ಅವ್ವ ಈಳಿಗೆ ಬಿಟ್ಟು ಎದ್ದು ಒಳಗೆ ಹೋದಳು. ತನ್ನ ಮದುವೆಯ ಬಾಟಲಿ ತಂದು ನನ್ನ ಮುಂದೆ ಕುಕ್ಕಿದಳು.

“ಓದು.”

“ನಾಲ್ಕು-ಹೈಡ್ರಾಕ್ಸಿ-ಬ್ಯೂಟನ್-ಎರಡು-ಓನ್.”

ಅವ್ವನ ತವರು ಮೆಥನಾಲ್. ಕುಡಿದರೆ ಕಣ್ಣು ಹೋಗುವಂಥದ್ದು, ಆದರೂ ಆಲ್ಕೊಹಾಲೇ, ಕೀಟೋನಿನ ಎದುರು ತುಂಡು. “ನಲವತ್ತ ವರ್ಷ ಈ ಮನ್ಯಾಗ ನಾಲ್ಕನೇ ನಂಬರಿನ್ಯಾಗ ಕುಂತೀನಿ,” ಎಂದಳು. “ನಿಮ್ಮಜ್ಜಿ ಪಂಕ್ತ್ಯಾಗ ಬಡಿಸೂ ಮುಂದ ಒಂದು, ಎರಡು, ಮೂರು ಅಂತ ಎಣಿಸಿ ನನ್ನ ಎಲಿಗೆ ಬರೂದ್ರಾಗ ಪಲ್ಯ ಮುಗಿತಿತ್ತು. ನೀ ಅದ ನಂಬರಿಗೆ ಹೋಗಿ ಕುಂಡ್ರತೀ ಅಂದ್ರ ನನ್ನ ಕೈಲೆ ನಾ ಸುರಿಯಾಕಿ ಅಲ್ಲ.”

ತನ್ನ ತವರಿನದಲ್ಲದಿದ್ದರೂ ಈ ಮನೆಯ ‘ಓನ್’ಗಾಗಿ ಅವಳು ಹೋರಾಡುತ್ತಿದ್ದುದೇಕೆ ಎಂದು ನನಗೆ ಆಗ ಅರ್ಥವಾಯಿತು. ಅರ್ಥವಾದದ್ದರಿಂದ ಉಪಯೋಗವೇನೂ ಆಗಲಿಲ್ಲ. ನಿಯಮದ ಪುಸ್ತಕವನ್ನು ಮೊದಲ ಪುಟದಿಂದ ಕೊನೆಯವರೆಗೆ ಮತ್ತೆ ಓದಿದೆ. ಎಲ್ಲ ಗುಂಪುಗಳಿಗೂ ಒಂದೊಂದು ಮೆಟ್ಟಿಲು ಇತ್ತು. ಅವ್ವನಿಗೆ ಬೇಕಾದ ಮೆಟ್ಟಿಲು ಎಲ್ಲೂ ಇರಲಿಲ್ಲ. ತಾಯಿ ಸುರಿಯದಿದ್ದರೆ ಮದುವೆ ಇಲ್ಲ. ತಪ್ಪು ಬರೆದರೆ ಸುರಿದರೂ ಮದುವೆ ಇಲ್ಲ. ಕಲ್ಮೇಶನಿಗೆ ಹೇಳಿದೆ. ಅವನು ಯೋಚಿಸಿ, “ನೀ ಸರಿ ಇದ್ದದ್ದ ಬರಿ. ಉಳಿದದ್ದು ನೋಡೋಣು,” ಎಂದ. ಅವನ ಕಸುಬಿನವರು ಬೇರೆ ಏನು ತಾನೇ ಹೇಳಿಯಾರು.

ಮದುವೆಯ ದಿನ ಬೆಳಿಗ್ಗೆ ಅವ್ವ ರೇಷ್ಮೆ ಸೀರೆ ಉಟ್ಟು ಬಂದಳು. “ಬರ್ತೀನಿ. ಸುರಿಯೂದು ಅಲ್ಲೇ ನೋಡ್ತೀನಿ,” ಎಂದಿದ್ದಳು. ಚಪ್ಪರದ ಕೆಳಗೆ ಇಡೀ ಊರು ಕುಳಿತಿತ್ತು. ನಾನು ಎಲ್ಲರ ಎದುರು ನಾಲ್ಕು-ಆಕ್ಸೋ-ಪೆಂಟನ್ಯಾಲ್ ಎಂದು ಬರೆದು, ಚೀಟಿಯನ್ನು ಹೊಸ ಬಾಟಲಿಗೆ ಅಂಟಿಸಿ, ಮಣೆಯ ಮೇಲಿಟ್ಟೆ. ನನ್ನ ಅಕ್ಷರ ಅಂದು ಮೊದಲ ಸಲ ಸ್ವಲ್ಪ ಎಡಕ್ಕೆ ವಾಲಿತ್ತು. ಅವ್ವ ಅದನ್ನು ಓದಿದಳು. ನಮ್ಮ ಮನೆತನದ ಬಾಟಲಿಯನ್ನು ಮಡಿಲಿನಲ್ಲಿಟ್ಟು, ಅದರ ಮೇಲೆ ಎರಡೂ ಕೈ ಇಟ್ಟು, ಚಪ್ಪರದ ಕಂಬ ನೋಡುತ್ತ ಕುಳಿತಳು.

ಹತ್ತು ನಿಮಿಷ ಕಳೆಯಿತು. ಹೆಂಗಸರು ಕೆಮ್ಮಿದರು. ನನ್ನ ಕೈಯಲ್ಲಿದ್ದ ಕಡ್ಡಿಪೆಟ್ಟಿಗೆ ಬೆವರಿಗೆ ಒದ್ದೆಯಾಗತೊಡಗಿತು.

“ಏನ್ರೀ ಬೀಗತಿ, ಕೈ ಹಿಡಕೊಂಡಾವೇನು?” ಎಂದರು ಅಂಬಕ್ಕ ಎಲ್ಲರಿಗೂ ಕೇಳುವಂತೆ. “ನೋಡ್ರಿ, ನಾ ತಯಾರದೀನಿ.” ಮಂಜಿನ ಪೆಟ್ಟಿಗೆ ತೆರೆದು, ಬಾಟಲಿ ಎತ್ತಿ, ಬಿರಡೆ ತೆಗೆದು, ಚಮಚದ ಮೇಲೆ ಬಗ್ಗಿಸಿದರು.

ಏನೂ ಬೀಳಲಿಲ್ಲ.

ಇನ್ನಷ್ಟು ಬಗ್ಗಿಸಿದರು. ತಲೆಕೆಳಗು ಮಾಡಿದರು. ತಳಕ್ಕೆ ಎರಡು ಏಟು ಹಾಕಿದರು. ಎಥನ್ಯಾಲ್ ಮನೆತನ ಜಪ್ಪಯ್ಯ ಎನ್ನಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ, “ಗತ್ತಿಗೆ ಗಟ್ಟಿ ಆಗೈತಿ,” ಎಂದರು. ನಾನು ಬಾಟಲಿ ಇಸಿದುಕೊಂಡು ಬೆಳಕಿಗೆ ಹಿಡಿದೆ. ಒಳಗೆ ಸೂಜಿಯಂಥ ಬಿಳಿ ಹರಳುಗಳು ಒಂದಕ್ಕೊಂದು ಹೆಣೆದುಕೊಂಡು ನಿಂತಿದ್ದವು. ಎಥನ್ಯಾಲ್ ಮಂಜುಗಡ್ಡೆಗೆಲ್ಲ ಹೆಪ್ಪುಗಟ್ಟುವ ವಸ್ತುವಲ್ಲ. ಅದಕ್ಕೆ ಸೊನ್ನೆಗಿಂತ ನೂರು ಡಿಗ್ರಿಗೂ ಕೆಳಗಿನ ಚಳಿ ಬೇಕು. ಹದಿನಾರೂವರೆ ಡಿಗ್ರಿಗೇ ಹೀಗೆ ಹರಳಾಗುವುದು ಅದರ ಮಗ, ಎಥನೋಯಿಕ್ ಆಮ್ಲ. ಆರು ತಿಂಗಳು ಮನೆಮನೆಗೆ ಬಿರಡೆ ತೆಗೆದು ತೋರಿಸಿದ ಗಾಳಿಯೆಲ್ಲ ಒಳಗೆ ಹೋಗಿ ಕೆಲಸ ಮಾಡಿತ್ತು. ಅಂಬಕ್ಕ ಊರೆಲ್ಲ ಹೊತ್ತು ತಿರುಗಿದ್ದು ವಿನಿಗರ್ ಹುಳಿಯನ್ನು.

ಹೇಳಿದರೆ ಅವರು ಎದ್ದು ಹೋಗುತ್ತಾರೆ. ಹೇಳದೆ ಅದನ್ನು ಕರಗಿಸಿ ಈ ಚೀಟಿಯ ಬಾಟಲಿಗೆ ಸುರಿದರೆ ರಾಡಿಯಾಗುತ್ತದೆ, ಅಂದು ನಾನು ಉಂಡಿದ್ದು ಮೆಂತ್ಯದ ಪಲ್ಯ. ಅಷ್ಟು ಹೊತ್ತು ಅವ್ವ ಸುರಿಯಲೆಂದು ಬೇಡಿಕೊಳ್ಳುತ್ತಿದ್ದ ನಾನು, ಅವಳು ಸುರಿಯದೇ ಇದ್ದದ್ದಕ್ಕೆ ಈಗ ಬದುಕಿಕೊಂಡಿದ್ದೆ; ಅವಳ ಚಮಚ ಒಂದೇ ಬಿದ್ದಿದ್ದರೂ ರಾಡಿಯೇ.

“ಅತ್ತೀ,” ಎಂದೆ, “ಇದು ಹುಳಿ ಆಗೈತ್ರಿ.”

ಅಂಬಕ್ಕನ ಮುಖ ಮೊದಲು ಕೆಂಪಾಗಿ, ಆಮೇಲೆ ಅವರ ಹರಳಿನ ಬಣ್ಣಕ್ಕೆ ತಿರುಗಿತು. “ನನ್ನ ಮನೆತನಕ್ಕ ಹುಳಿ ಅಂತೀಯಾ? ಏಳು ಕಲ್ಮೇಶ, ಮನಿಗೆ ನಡಿ.”

ಕಲ್ಮೇಶ ಎದ್ದ. ನನ್ನ ಕೈಯಿಂದ ಬಾಟಲಿ ತೆಗೆದುಕೊಂಡು ಮೂಸಿದ, ಊರಿನಲ್ಲಿ ಅದನ್ನು ನಿಜವಾಗಿ ಮೂಸಿದ ಮೊದಲನೆಯವನು ಅವನೇ ಇರಬೇಕು, ಕಣ್ಣಲ್ಲಿ ನೀರು ಬಂತು. “ಹುಳೀನ ಐತಿ, ಯವ್ವಾ,” ಎಂದ. ಆಮೇಲೆ ನನ್ನ ಕಡೆ ತಿರುಗಿ, “ಎಷ್ಟು ಡಿಗ್ರಿಗೆ ಕರಗ್ತೈತಿ?” ಎಂದು ಕೇಳಿದ.

“ಹದಿನಾರೂವರೆ.”

“ಅಷ್ಟು ಬಿಸಿ ನನ್ನ ಬಗಲಾಗ ಐತಿ.” ಬಿರಡೆ ಬಿಗಿದು, ಮದುವೆಯ ಅಂಗಿಯ ಗುಂಡಿ ಬಿಚ್ಚಿ, ಬಾಟಲಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಮಣೆಯ ಮೇಲೆ ಮತ್ತೆ ಕುಳಿತ. “ನೀ ಚೀಟಿ ಬದಲ ಬರಿ.”

ನಾನು ಹಳೆಯ ಚೀಟಿ ಕಿತ್ತು ಹೊಸದು ಬರೆದೆ: ನಾಲ್ಕು-ಆಕ್ಸೋ-ಪೆಂಟನೋಯಿಕ್ ಆಮ್ಲ. ನಮ್ಮ ನಾಲ್ಕು ನಾಲ್ಕೇ ಆಗಿತ್ತು. ಅವರ ‘ಆ್ಯಲ್’ ಹೋಗಿತ್ತು. ಅವ್ವ ಅದನ್ನು ಓದಿ ಮೊದಲು ಸೆರಗು ಬಾಯಿಗಿಟ್ಟುಕೊಂಡಳು, ಆಮೇಲೆ ಸೆರಗು ಸಾಲದೆ ಗಟ್ಟಿಯಾಗಿ ನಕ್ಕಳು. ಇಡೀ ಚಪ್ಪರ ನಕ್ಕಿತು. ಅಂಬಕ್ಕ ಒಬ್ಬರೇ ಖಾಲಿ ಪೆಟ್ಟಿಗೆಯ ಮುಂದೆ, ಮಂಜುಗಡ್ಡೆ ಕರಗಿ ಸೀರೆಯ ನೆರಿಗೆ ತೋಯುತ್ತಿರುವುದನ್ನೂ ನೋಡದೆ, ತಲೆ ಬಗ್ಗಿಸಿ ಕುಳಿತಿದ್ದರು. ತುಟಿಗಳು ಆಡುತ್ತಿದ್ದವು. ಏನೋ ಎಣಿಸುತ್ತಿರುವಂತೆ ಕಾಣುತ್ತಿತ್ತು.

ಅವ್ವನ ನಗು ಅಲ್ಲಿಗೆ ನಿಂತಿತು. ಎಣಿಸುವ ತುಟಿ ಹೇಗಿರುತ್ತದೆ ಎಂದು ಅವಳಿಗೆ ಗೊತ್ತಿತ್ತು. ಬಾಟಲಿ ಹಿಡಿದುಕೊಂಡೇ ಎದ್ದು ಹೋಗಿ ಅವರ ಪಕ್ಕ ಕುಳಿತಳು. “ಅಂಬಕ್ಕ,” ಎಂದಳು, “ಪುಸ್ತಕದಾಗ ಆಮ್ಲ ಆಲ್ಡಿಹೈಡಿಗಿಂತ ಮ್ಯಾಲ ಐತಿ. ನೀವು ಕೆಳಗ ಬಿದ್ದಿಲ್ಲ, ಒಂದು ಮೆಟ್ಲ ಏರೀರಿ. ಕೆಟ್ಟು ಮ್ಯಾಲ ಹೋದವರು ಈ ಊರಾಗ ನೀವೊಬ್ಬರ ಏನಲ್ಲ.”

ಅಂಬಕ್ಕ ತಲೆ ಎತ್ತಿದರು. “ಖರೇನ?”

“ನನ್ನ ಮಗಳನ್ನ ಕೇಳ್ರಿ. ಆಕಿ ತಾಯಿ ಸಲುವಾಗೂ ಸುಳ್ಳ ಬರೆಯಾಕಿ ಅಲ್ಲ.”

ಕಲ್ಮೇಶನ ಕಂಕುಳಿಂದ ಬಾಟಲಿ ಹೊರಬಂದಾಗ ಒಳಗಿನದು ನೀರಾಗಿತ್ತು. ತಾಯಂದಿರಿಬ್ಬರೂ ಒಟ್ಟಿಗೆ ಸುರಿದರು. ಒಂದು ಗುಳ್ಳೆ ನಿಧಾನವಾಗಿ, ಯಾರದೋ ಅಪ್ಪಣೆಗೆ ಕಾದಂತೆ, ಮೇಲೆ ಬಂತು. ಒದ್ದೆ ಕಡ್ಡಿಗಳಲ್ಲಿ ಐದನೆಯದು ಹೊತ್ತಿಕೊಂಡಿತು. ಫಟ್.

ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಅಂಬಕ್ಕ ಮರುವಾರದಿಂದಲೇ ಮತ್ತೆ ಪೆಟ್ಟಿಗೆ ಹೊತ್ತು ಹೊರಟರು. “ನಾವು ಬೇಕಂತ ಹುಳಿ ಬರಸೀವಿ. ಆ್ಯಲ್ ಆಗಿ ಎಷ್ಟು ದಿನ ಇರೂದು?” ಆಲ್ಡಿಹೈಡುಗಳ ಬೀದಿಯಲ್ಲಿ ಒಂದೊಂದೇ ಬಿರಡೆ ಸಡಿಲವಾಯಿತು. ತಿಂಗಳೊಳಗೆ ಬೀದಿಗೆ ಬೀದಿಯೇ ಉಪ್ಪಿನಕಾಯಿಯ ಜಾಡಿಯಂತೆ ನಾರತೊಡಗಿತು. ಹಾದುಹೋಗುವವರು ಮೂಗು ಮುಚ್ಚಿಕೊಂಡು ಮರ್ಯಾದೆಯಿಂದ ತಲೆ ಬಗ್ಗಿಸುತ್ತಿದ್ದರು. ನನಗೆ ಬೆಳಗಿನಿಂದ ಸಂಜೆಯವರೆಗೆ ಹೊಸ ಚೀಟಿಗಳದೇ ಕೆಲಸ.

ಅವ್ವನಿಗೆ ಇದನ್ನು ನೋಡಿಕೊಂಡು ಸುಮ್ಮನಿರಲಾಗಲಿಲ್ಲ. ಏರಲು ಇಷ್ಟು ಸುಲಭದ ದಾರಿ ಇದ್ದಾಗ ತಾವೇಕೆ ಓನ್ ಆಗಿಯೇ ಇರಬೇಕು? ನನ್ನನ್ನು ಕೇಳಿದ್ದರೆ ಹೇಳುತ್ತಿದ್ದೆ: ಕೀಟೋನು ಗಾಳಿಗೆಲ್ಲ ಹುಳಿಯುವುದಿಲ್ಲ, ಅದರ ತುದಿಗಳೆರಡೂ ಮುಚ್ಚಿವೆ ಎಂದು. ಅವಳು ಕೇಳಲಿಲ್ಲ. ಮನೆತನದ ಬಾಟಲಿಯ ಬಿರಡೆ ತೆಗೆದು, ಬಾಯಿಗೆ ತೆಳುವಾದ ಬಟ್ಟೆ ಕಟ್ಟಿ, ಮಾವಿನಕಾಯಿಯ ಜಾಡಿಯಂತೆ ಮಾಳಿಗೆಯ ಬಿಸಿಲಿಗೆ ಇಟ್ಟು ಎಂಟು ದಿನ ಕಾದಳು.

ಒಂಬತ್ತನೆಯ ದಿನ ಮಧ್ಯಾಹ್ನ, ನಾನೂ ಕಲ್ಮೇಶನೂ ಬೇರೆ ಮಾಡಿಕೊಂಡಿದ್ದ ಮನೆಗೆ ಬಂದಳು. ಕೈಯಲ್ಲಿ ಬಾಟಲಿ. ಚೀಟಿ ಹಾಗೆಯೇ ಇತ್ತು. ಒಳಗೆ ಏನೂ ಇರಲಿಲ್ಲ, ವಾಸನೆ ಸಹ.

“ಹೋತು,” ಎಂದಳು. ಒಂದು ಹನಿಯನ್ನೂ ಹೊರಗಿನಿಂದ ಸೇರಿಸುವಂತಿಲ್ಲ ಎಂದು ಅವಳಿಗೆ ನಾನು ನೆನಪಿಸಬೇಕಾಗಿರಲಿಲ್ಲ. ಬಾಟಲಿಯನ್ನು ಮಡಿಲಿನಲ್ಲಿಟ್ಟುಕೊಂಡು, “ನಿಮ್ಮಪ್ಪಗ ಏನ ಹೇಳ್ಲಿ,” ಎಂದಳು. ಅಪ್ಪ ತೀರಿಕೊಂಡು ಒಂಬತ್ತು ವರ್ಷ. ನಾನು ಎದ್ದು ಗೂಡಿನಿಂದ ನಮ್ಮ ಮದುವೆಯ ಬಾಟಲಿ ತಂದೆ. ಅದು ಬೆಳಗಿನ ತಂಪಿಗೆ ತುಪ್ಪದಂತೆ ಗಟ್ಟಿಯಾಗಿ, ಹೊತ್ತೇರಿದಂತೆ ಕರಗುತ್ತದೆ. ಆ ಹೊತ್ತಿಗೆ ತಿಳಿಯಾಗಿತ್ತು.

ಅವ್ವ ಅದನ್ನು ಬೆಳಕಿಗೆ ಹಿಡಿದಳು. “ಇದರಾಗ ನಾವು ಎಲ್ಲಿ ಅದೀವಿ?”

ನಾನು ಅವಳ ಕೈ ಹಿಡಿದು ಬೆರಳುಗಳ ಮೇಲೆ ಎಣಿಸಿದೆ. ಒಂದು, ಎರಡು, ಮೂರು ಅವರ ಕಡೆಯಿಂದ. ನಾಲ್ಕಕ್ಕೆ ನಿಲ್ಲಿಸಿದೆ. ಅವಳು ಆ ಬೆರಳನ್ನು ಮಡಚಿ ಮುಷ್ಟಿಯೊಳಗೆ ಇಟ್ಟುಕೊಂಡಳು.

ಈಗ ದಿನಾ ಮಧ್ಯಾಹ್ನ ಬರುತ್ತಾಳೆ. ಚಹಾ ಬೇಡ ಎನ್ನುತ್ತಾಳೆ. ನೇರ ಗೂಡಿನ ಹತ್ತಿರ ಹೋಗಿ ಬಿರಡೆಯನ್ನು ಹೆಬ್ಬೆರಳಿನಿಂದ ಒತ್ತಿ, ಇನ್ನೊಮ್ಮೆ ಒತ್ತಿ, ಕಲ್ಮೇಶನ ಕಡೆ ತಿರುಗಿ ಹೇಳುತ್ತಾಳೆ: “ನಿಮ್ಮವ್ವ ಬಂದು ಇದನ್ನ ತಗೀ ಅಂದ್ರ ತಗೀಬ್ಯಾಡ. ನನ್ನ ನಾಲ್ಕು ಒಳಗ ಐತಿ.”